ಬೊಲೆರೊ ಒಳಗೆ ಮಲಗಲು ಅಟ್ಟ, ಅದರಡಿ ಸಾಮಾನು: ಯಾರಾದರೂ ಮಾಡಿದ್ದೀರಾ?

ತೋಟದಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹಳೇ ಫೋರ್ ಬೈ ಫೋರ್ ಬೊಲೆರೊ ಇದೆ. ಈ ಚಳಿಗಾಲದಲ್ಲಿ ಹೆಂಡತಿ ಜೊತೆ ಹತ್ತು ದಿನ ತಿರುಗುವ ಆಸೆ. ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕಾರವಾರ, ಆಮೇಲೆ ಕಡಲಂಚಿನಲ್ಲೇ ಅಂಕೋಲಾ, ಗೋಕರ್ಣ, ಕುಮಟಾ, ಹೊನ್ನಾವರ, ಭಟ್ಕಳ. ರಾತ್ರಿ ಗಾಡಿಯಲ್ಲೇ ಮಲಗುವುದು.

ಟೇಪು ಹಿಡಿದು ಅಳೆದೆ. ನಡುವಿನ ಸೀಟು ಮಡಚಿದರೆ ಹಿಂಬಾಗಿಲಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ 5 ಅಡಿ 4 ಇಂಚು. ನಾನು 5 ಅಡಿ 9. ಹಿಂದಿನ ಎದುರುಬದುರು ಸೀಟುಗಳನ್ನು ಮೇಲೆತ್ತಿದರೆ ನಡುವೆ 38 ಇಂಚು ಅಗಲ. ನೆಲದಿಂದ ಛಾವಣಿಗೆ 46 ಇಂಚು.

ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ. ಎಲ್ಲರದ್ದೂ ದೊಡ್ಡ ಗಾಡಿ. ಎಲ್ಲರದ್ದೂ ನುಣ್ಣಗೆ ಜಾರುವ ಡ್ರಾಯರ್, ಅದರೊಳಗೆ ಒಲೆ, ಸಿಂಕು, ಫ್ರಿಜ್ಜು. ನನಗೆ ಅಷ್ಟೆಲ್ಲ ಬೇಡ. ಆದರೆ ಒಂದು ಕರಾರಿದೆ. ತಿರುಗಾಟ ಮುಗಿದ ಮರುದಿನ ಅದೇ ಗಾಡಿಯಲ್ಲಿ ಅಡಿಕೆ ಚೀಲ ಹೇರಬೇಕು. ಹಾಗಾಗಿ ಇಡೀ ಅಟ್ಟ ಕಳಚಿ ಹೊರಗಿಡುವಂತಿರಬೇಕು. ಪ್ಲೈವುಡ್ಡಾ, ಕಬ್ಬಿಣದ ಚೌಕಟ್ಟಾ? ಡ್ರಾಯರ್ ಬೇಕಾ, ಬೇಡವಾ?

ಡೀಸೆಲ್ ಭಾವ, ಸಿದ್ದಾಪುರ

38 ಇಂಚಿನಲ್ಲಿ ಇಬ್ಬರಾ? ಮದುವೆಯಾಗಿ ಎಷ್ಟು ವರ್ಷ ಆಯಿತು ಮಾರಾಯ್ರೇ?

ತೋಟದಂಚು, ಶಿರಸಿ

ಹದಿನೆಂಟು. ಅದಕ್ಕೇ ಕೇಳಿದ್ದು.

ಪರವೂರು, ಬೆಂಗಳೂರು

ಬೊಲೆರೊ ಆಫ್ ರೋಡ್ ಗಾಡಿ ಲೆಕ್ಕಕ್ಕೆ ಬರುತ್ತದಾ? ಜಿಮ್ನಿ ತಗೊಳ್ಳಿ. ಮುಂದಿನ ಸೀಟಿನ ಹೆಡ್‌ರೆಸ್ಟ್ ತೆಗೆದು ಬೆನ್ನನ್ನು ಹಿಂದಕ್ಕೆ ಮಲಗಿಸಿದರೆ ಹಿಂದಿನ ಸೀಟಿಗೆ ಸೇರಿಕೊಳ್ಳುತ್ತದೆ. ಮರದ ಕೆಲಸವೇ ಬೇಡ.

ಜೋಯಿಡಾ ಜೀಪು

ಮಳೆಗಾಲದಲ್ಲಿ ಒಮ್ಮೆ ನಮ್ಮ ಮನೆಗೆ ಬನ್ನಿ. ಯಾವುದು ಆಫ್ ರೋಡ್ ಗಾಡಿ ಅಂತ ದಾರಿಯೇ ಹೇಳುತ್ತದೆ.

ಸೀಟು ಮಲಗಿಸಿ ಹಾಸಿಗೆ ಮಾಡುವುದು ಒಂದು ಮಧ್ಯಾಹ್ನದ ನಿದ್ದೆಗೆ ಸರಿ. ಹತ್ತು ರಾತ್ರಿಗಲ್ಲ. ಗಾಡಿ ಯಾವುದೇ ಇರಲಿ, ಸೀಟು ಕುಳಿತುಕೊಳ್ಳಲು ಮಾಡಿದ್ದು, ಒಂದು ಕಡೆ ಗುಂಡಿ, ಒಂದು ಕಡೆ ದಿಬ್ಬ ಇದ್ದೇ ಇರುತ್ತದೆ. ಮತ್ತೆ ಇಬ್ಬರು ಮಲಗಿದ ಮೇಲೆ ಚೀಲ, ಪಾತ್ರೆ, ನೀರಿನ ಕ್ಯಾನು ಎಲ್ಲಿಡುತ್ತೀರಿ? ತಲೆ ಮೇಲಾ?

ಉಳಿ ಕೊಡತಿ, ಕುಮಟಾ

ನಾನು ಬಡಗಿ. ಇದುವರೆಗೆ ಮೂರು ಗಾಡಿಗೆ ಈ ಕೆಲಸ ಮಾಡಿಕೊಟ್ಟಿದ್ದೇನೆ. ಎರಡು ವಾಪಸ್ ಬಂದವು. ಎರಡರದ್ದೂ ಒಂದೇ ದೂರು, ಭಾರ. ತಪ್ಪು ನನ್ನದೇ ಅನ್ನಿ. ಮನೆ ಕಪಾಟು ಮಾಡಿದ ಕೈ, ಗಾಡಿಗೂ ಕಪಾಟನ್ನೇ ಮಾಡಿತು.

ಲೆಕ್ಕ ಹೇಳುತ್ತೇನೆ. ಎಂಟು ಅಡಿ, ನಾಲ್ಕು ಅಡಿಯ 18 ಎಂಎಂ ಪ್ಲೈ ಹಾಳೆ ಒಂದಕ್ಕೆ ಹತ್ತಿರ ಹತ್ತಿರ 35 ಕೆಜಿ. ಡ್ರಾಯರ್ ಬೇಕು ಅಂದರೆ ಎರಡು ಹಾಳೆ ಖರ್ಚಾಗುತ್ತದೆ. ಅಲ್ಲಿಗೇ 70. ಮೇಲೆ ಚಾನೆಲ್ಲು, ಹಿಡಿಕೆ, ಸ್ಕ್ರೂ. ಒಬ್ಬ ದಪ್ಪನೆಯ ಮನುಷ್ಯ ಯಾವಾಗಲೂ ಹಿಂದೆ ಕೂತಿದ್ದಾನೆ ಅಂದುಕೊಳ್ಳಿ, ಅದೂ ಹಿಂದಿನ ಆಕ್ಸಲ್ ದಾಟಿ. ಘಟ್ಟ ಹತ್ತುವಾಗ ಗಾಡಿಯ ಮೂತಿ ಹಗುರಾಗುತ್ತದೆ. 12 ಎಂಎಂ ಸಾಕು, ಅಡಿಯಲ್ಲಿ ಅಡಿಗೊಂದು ಅಡ್ಡಪಟ್ಟಿ ಕೊಟ್ಟರೆ ಇಬ್ಬರು ಮಲಗಿದರೂ ಬಾಗುವುದಿಲ್ಲ.

ಪ್ಲೈ ಕೊಳ್ಳುವಾಗ ಐಎಸ್ 710 ಮುದ್ರೆ ನೋಡಿ. ಅದು ನೀರಿಗೆ ತಡೆಯುವ ಜಾತಿ. ಎಂಆರ್ ಅಂತ ಅಗ್ಗಕ್ಕೆ ಸಿಗುತ್ತದಲ್ಲ, ಅದು ನಮ್ಮ ಒಂದು ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬುತ್ತದೆ. ಕೊಯ್ದ ಅಂಚಿಗೆಲ್ಲ ಬಣ್ಣವೋ ವಾರ್ನಿಷ್ಷೋ ಕುಡಿಸಬೇಕು. ನೀರು ಇಳಿಯುವುದು ಅಲ್ಲಿಂದಲೇ.

ಇನ್ನು ಎತ್ತರ. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತು ತಲೆವರೆಗೆ ಅಳೆಯಿರಿ. ನಿಮ್ಮ ಎತ್ತರಕ್ಕೆ 35 ಇಂಚು ಬರುತ್ತದೆ. ಹಾಸಿಗೆಗೆ 3 ಇಂಚು. 46ರಲ್ಲಿ 38 ಕಳೆದರೆ ಉಳಿಯುವುದು 8. ಗಾಡಿಯೊಳಗೆ ನೆಟ್ಟಗೆ ಕುಳಿತು ಅಂಗಿ ಬದಲಿಸಬೇಕು ಅಂದರೆ ಅಟ್ಟದ ಎತ್ತರ ಹಲಗೆ ಸೇರಿ 8 ಇಂಚು. ಅದರಲ್ಲಿ ಕುಕ್ಕರ್ ಹೋಗುವುದಿಲ್ಲ.

ಅಪ್ಪೆಮಿಡಿ, ಯಲ್ಲಾಪುರ

ಕುಮಟಾದ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾವು 14 ಇಂಚು ಎತ್ತರ ಮಾಡಿಸಿ ಮೂರು ವರ್ಷ ಬಗ್ಗಿ ಬಗ್ಗಿ ಬದುಕಿದೆವು. ಸೀರೆ ಉಡುವುದನ್ನು ಬಿಡಿ, ತಲೆ ಬಾಚಲೂ ಆಗುವುದಿಲ್ಲ.

ಡ್ರಾಯರ್ ಬಗ್ಗೆ ನನ್ನ ಕತೆ ಕೇಳಿ. ಒಳ್ಳೇ ಚಾನೆಲ್ ಹಾಕಿಸಿದ್ದೆವು, ಬೆರಳಲ್ಲಿ ಎಳೆದರೆ ಸಾಕು. ಅದೇ ತೊಂದರೆ ಆಗಿದ್ದು. ಕುಮಟಾದಲ್ಲಿ ಅಕ್ಕನ ಮನೆಗೆ ಅಂತ ಒಂದು ಡಬ್ಬಿ ಜೋನಿಬೆಲ್ಲ ಇಟ್ಟುಕೊಂಡು ದೇವಿಮನೆ ಘಟ್ಟ ಇಳಿದೆವು. ಅಲ್ಲಿಯವರೆಗೆ ಏನೂ ಆಗಲಿಲ್ಲ. ಅಕ್ಕ ಮನೆಯಲ್ಲಿಲ್ಲ, ಡಬ್ಬಿ ವಾಪಸ್. ಘಟ್ಟ ಹತ್ತುವಾಗ ಡ್ರಾಯರ್ ತಾನಾಗಿ ತೆರೆದು ಹಿಂಬಾಗಿಲಿಗೆ ಬಡಿಯಿತು. ಒಂದು ತಿರುವಿಗೆ ತೆರೆಯುವುದು, ಇನ್ನೊಂದಕ್ಕೆ ಮುಚ್ಚುವುದು. ಮನೆಗೆ ಬಂದು ಬಾಗಿಲು ತೆಗೆದರೆ ಬೆಲ್ಲ ಹಾಸಿಗೆಗೆ, ಚಾದರಕ್ಕೆ, ಜಾಕಿಗೆ. ಒಂದು ತಿಂಗಳು ಇರುವೆಗಳು ಸಾಲುಗಟ್ಟಿ ಗಾಡಿಗೆ ಬಂದವು. ತೊಳೆದರೂ ಬಂದವು.

ಡ್ರಾಯರ್ ಮಾಡಿಸಿದರೆ ಚಿಲಕ ಹಾಕಿಸಿ. ಮ್ಯಾಗ್ನೆಟ್ ಅಲ್ಲ, ಕಬ್ಬಿಣದ ಚಿಲಕ.

ಡೀಸೆಲ್ ಭಾವ, ಸಿದ್ದಾಪುರ

ಅಕ್ಕಾ, ಬೆಲ್ಲ ಪೂರ್ತಿ ಹೋಯಿತಾ, ಸ್ವಲ್ಪ ಉಳಿಯಿತಾ? ತೊಡೆದೇವು ಸಿಹಿ ಮಾಡಲು ಆಗುವಷ್ಟಾದರೂ?

ಕಾಳಿ ದಂಡೆ, ಕಾರವಾರ

ಘಟ್ಟದ ಮೇಲಿನವರು ಇರುವೆ ಅನ್ನುತ್ತೀರಿ. ನಮಗೆ ಉಪ್ಪು. ಕಡಲ ಗಾಳಿಗೆ ಡ್ರಾಯರ್ ಚಾನೆಲ್ ಎರಡನೇ ವರ್ಷಕ್ಕೆ ಕಿರ್ರ್ ಅನ್ನುತ್ತದೆ, ಮೂರನೇ ವರ್ಷಕ್ಕೆ ಎಳೆದರೆ ಬರುವುದಿಲ್ಲ. ಕಬ್ಬಿಣದ ಚೌಕಟ್ಟು ಮಾಡಿಸಬೇಡಿ. ಮಾಡಿಸಿದರೂ ವೆಲ್ಡಿಂಗ್ ಆದ ಜಾಗಕ್ಕೆಲ್ಲ ಪ್ರೈಮರ್ ಹೊಡೆಸಿ, ನಟ್ಟು ಬೋಲ್ಟು ಸ್ಟೀಲಿಂದು ಹಾಕಿ.

ನಾನು ಆನ್‌ಲೈನಲ್ಲಿ ತರಿಸಿದ ಸಿದ್ಧ ಡ್ರಾಯರ್ ಸೆಟ್ಟನ್ನು ಈಗ ಮನೆಯಲ್ಲಿ ಚಪ್ಪಲಿ ಇಡಲು ಬಳಸುತ್ತಿದ್ದೇವೆ. ಗಾಡಿಯಲ್ಲಿ ಮೀನು ಮಾರುವವರ ಪ್ಲಾಸ್ಟಿಕ್ ಕ್ರೇಟು ನಾಲ್ಕು. ಬಟ್ಟೆಗೊಂದು, ಅಡುಗೆಗೊಂದು, ಹಗ್ಗ, ಜಾಕಿ, ಪಂಪಿಗೊಂದು. ನಾಲ್ಕನೆಯದು ಹೆಂಡತಿಯದ್ದು, ಅದರಲ್ಲಿ ಏನಿದೆ ಅಂತ ನಾನು ಕೇಳಿಲ್ಲ. ತೂತು ಇರುವುದರಿಂದ ಗಾಳಿ ಆಡುತ್ತದೆ, ಮರಳು ಉದುರಿ ಹೋಗುತ್ತದೆ. ಬೇಕಾದಾಗ ಎತ್ತಿ ಹೊರಗಿಟ್ಟರೆ ಮೇಜು.

ತೋಟದಂಚು, ಶಿರಸಿ

ಕ್ರೇಟು ಒಳ್ಳೇ ಮಾತು. ಆದರೆ ಅಗಲದ ಸಮಸ್ಯೆ ಹಾಗೇ ಇದೆ. ಹಿಂದಿನ ಎದುರುಬದುರು ಸೀಟು ಎರಡನ್ನೂ ಬಿಚ್ಚಿ ಮನೆಯಲ್ಲಿಟ್ಟರೆ ಹೇಗೆ? ನಾಲ್ಕು ನಾಲ್ಕು ಬೋಲ್ಟು ಅಷ್ಟೇ.

ಅರವತ್ತಾರು, ಹೊನ್ನಾವರ

ಬಿಚ್ಚಿ. ಯಾರು ನೋಡುತ್ತಾರೆ.

ಪರವೂರು, ಬೆಂಗಳೂರು

ನೋಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿ. ಆರ್‌ಸಿಯಲ್ಲಿ ಇರುವ ವಿವರಕ್ಕೂ ಗಾಡಿಗೂ ತಾಳೆ ಆಗಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಸೀಟು ಕಿತ್ತರೆ ಆಸನಗಳ ಲೆಕ್ಕವೇ ತಪ್ಪುತ್ತದೆ. ಅಪಘಾತವಾದರೆ ಇನ್ಶೂರೆನ್ಸಿನವರಿಗೆ ಇದೊಂದು ನೆಪ ಸಾಕು.

ಅರವತ್ತಾರು, ಹೊನ್ನಾವರ

ಹಾಗಾದರೆ ಅಟ್ಟ ಹಾಕುವುದೂ ತಪ್ಪಾ? ಇಡೀ ಜಿಲ್ಲೆಯ ಮದುವೆ ಸಾಮಾನು ಬೊಲೆರೊದಲ್ಲೇ ಹೋಗುವುದಲ್ವಾ, ಅದೂ ತಪ್ಪಾ?

ಪರವೂರು, ಬೆಂಗಳೂರು

ಕಳಚಿ ತೆಗೆಯುವ ಹಲಗೆ ಸಾಮಾನಿನ ಲೆಕ್ಕ. ನೆಲಕ್ಕೆ ತೂತು ಕೊರೆದು ಬಿಗಿದರೆ ಪ್ರಶ್ನೆ ಬರುತ್ತದೆ. ನಾನು ವಾದ ಮಾಡಲು ಬಂದಿಲ್ಲ, ಇದ್ದದ್ದು ಹೇಳಿದೆ.

ಉಳಿ ಕೊಡತಿ, ಕುಮಟಾ

ಕಾನೂನು ಬದಿಗಿರಲಿ, ನೆಲಕ್ಕೆ ತೂತು ಕೊರೆಯಲೇಬೇಡಿ. ಕೆಳಗೆ ಡೀಸೆಲ್ ಟ್ಯಾಂಕಿದೆ, ವೈರಿದೆ, ಬ್ರೇಕ್ ಪೈಪಿದೆ. ತೂತು ಬಿದ್ದ ತಗಡಿಗೆ ತುಕ್ಕು ಬೇರೆ. ಇರುವ ಸೀಟಿನ ಬೋಲ್ಟಿಗೇ ಕೊಕ್ಕೆ ಸಿಕ್ಕಿಸಿ, ಲಾರಿಯವರ ರ‍್ಯಾಚೆಟ್ ಬೆಲ್ಟಿನಿಂದ ಬಿಗಿಯಿರಿ.

ಆದರೆ ಬಿಗಿಯದೆ ಮಾತ್ರ ಓಡಿಸಬೇಡಿ. ಹಲಗೆ ಭಾರ ಇದೆ, ಅಲ್ಲಾಡುವುದಿಲ್ಲ ಅಂತ ಒಬ್ಬರು ನನ್ನ ಹತ್ತಿರವೇ ವಾದಿಸಿದರು. ಅಡ್ಡ ಬಂದ ದನಕ್ಕೆ ಬ್ರೇಕ್ ಹೊಡೆದಾಗ ಹಲಗೆ ಮುಂದಿನ ಸೀಟಿನ ಬೆನ್ನಿಗೆ ಬಂದು ಹೊಡೆಯಿತು. ಇವರ ಬೆನ್ನು ಉಳಿದದ್ದು ಅದೃಷ್ಟ.

ಜೋಯಿಡಾ ಜೀಪು

ತೋಟದಂಚು ಅವರೇ, ಸೀಟು ಬಿಚ್ಚುವುದೂ ಬೇಡ, ಮೇಲೆತ್ತುವುದೂ ಬೇಡ. ಕೆಳಗೇ ಬಿಡಿ. ಎದುರುಬದುರು ಎರಡು ಸೀಟು ಇದ್ದೇ ಇದೆಯಲ್ಲ, ಅದೇ ನಿಮ್ಮ ಅಟ್ಟದ ಎರಡು ದಂಡೆ. ನಡುವೆ ಕಾಲಿಡುವ ಜಾಗಕ್ಕೆ ಮಾತ್ರ ಹಲಗೆ ಅಡ್ಡ ಹಾಸಿ. ಗೋಡೆಯಿಂದ ಗೋಡೆಗೆ ಹಾಸಿಗೆ. ಅಡಿಯಲ್ಲಿ ಕ್ರೇಟು. ಹಳೇ ಕಮಾಂಡರ್ ಜೀಪಿನಲ್ಲಿ ನಮ್ಮ ಅಪ್ಪ ಹೀಗೇ ಮಲಗುತ್ತಿದ್ದದ್ದು. ಯಕ್ಷಗಾನದ ಆಟ ನೋಡಲು ಹೋದರೆ ಪದ್ಯ ಕೇಳುತ್ತಾ ಮಲಗಿ, ರಾಕ್ಷಸ ಬರುವಾಗ ಏಳುತ್ತಿದ್ದರು.

ತೋಟದಂಚು, ಶಿರಸಿ

ಅರೆ, ಇದು ಹೊಳೆದೇ ಇರಲಿಲ್ಲ! ಈಗ ಹೋಗಿ ಅಳೆದೆ. ಸೀಟಿನ ಎತ್ತರ ನೆಲದಿಂದ 14 ಇಂಚು. ಮಡಚಿದ ನಡುವಿನ ಸೀಟು 13. ಒಂದು ಇಂಚಿನ ಪಟ್ಟಿ ಕೊಟ್ಟರೆ ಸಮ.

ಅಪ್ಪೆಮಿಡಿ, ಯಲ್ಲಾಪುರ

14 ಇಂಚು! ನಾನು ಈಗಷ್ಟೇ ಹೇಳಿದೆನಲ್ಲ ತಮ್ಮಾ. ಕುಳಿತುಕೊಳ್ಳಲು ಆಗುವುದಿಲ್ಲ. ಮೊದಲು ಮನೆಯವರನ್ನು ಕೇಳು.

ತೋಟದಂಚು, ಶಿರಸಿ

ಕೇಳಿದೆ ಅಕ್ಕಾ. "ಕುಳಿತುಕೊಳ್ಳಲು ಹೊರಗೆ ಇಡೀ ಸಮುದ್ರ ಇದೆ, ಮಲಗುವಾಗ ನಿಮ್ಮ ಮೊಣಕೈ ತಾಗದಿದ್ದರೆ ಸಾಕು" ಅಂದಳು.

ಡೀಸೆಲ್ ಭಾವ, ಸಿದ್ದಾಪುರ

ಹದಿನೆಂಟು ವರ್ಷದ ಅನುಭವ.

ಒಂದು ಕೇಳಬೇಕು ಅಂತಿದ್ದೆ. ಅಡಿಕೆ ತೋಟದವರು ನೀವು. ಅಡಿಕೆ ಒಣಗಿಸುವ ಅಟ್ಟಕ್ಕೆ ದಬ್ಬೆ ಹಾಸುತ್ತೀರಿ. ಗಾಡಿಯ ಅಟ್ಟಕ್ಕೆ ಪ್ಲೈವುಡ್ ಯಾಕೆ ಹುಡುಕುತ್ತೀರಿ? ಬಲಿತ ಮರದ ಒಣ ದಬ್ಬೆ, ತಿರುಳು ಕೆತ್ತಿ ತೆಗೆದದ್ದು, ಎರಡು ಬೆರಳು ಬಿಟ್ಟು ಬಿಟ್ಟು ಪಟ್ಟಿಗೆ ಬಡಿಯಿರಿ. ಹಗುರ, ಗಟ್ಟಿ, ದುಡ್ಡಿಲ್ಲ. ಸಂದಿಯಿಂದ ಗಾಳಿಯೂ ಆಡುತ್ತದೆ.

ಉಳಿ ಕೊಡತಿ, ಕುಮಟಾ

ದಬ್ಬೆಗೆ ಸ್ಕ್ರೂ ಹಾಕಿ ನೋಡಿದ್ದೀರಾ? ಎಳೆಗೆ ಸೀಳಿಕೊಂಡು ಹೋಗುತ್ತದೆ. ಸಿಬರು ಬೇರೆ. ಕೈಗೆ ಚುಚ್ಚಿದರೆ ಕೀವಾಗದೆ ಬಿಡುವುದಿಲ್ಲ. ಸರಿಯಾಗಿ ಒಣಗದಿದ್ದರೆ ಕುಟ್ಟೆ ಹಿಡಿದು ಹಾಸಿಗೆಗೆಲ್ಲ ಪುಡಿ.

ಡೀಸೆಲ್ ಭಾವ, ಸಿದ್ದಾಪುರ

ಮೊದಲು ತೂತು ಕೊರೆದು ಆಮೇಲೆ ಸ್ಕ್ರೂ ಹಾಕಬೇಕು ಆಚಾರ್ರೇ, ನಿಮಗೆ ಹೇಳಿಕೊಡಬೇಕಾ. ಸಿಬರಿಗೆ ಮರಳುಕಾಗದ ಉಜ್ಜಿ ಎರಡು ಕೈ ವಾರ್ನಿಷ್. ಅಜ್ಜನ ಕಾಲದ ಅಟ್ಟ ಹೊಗೆ ಕುಡಿದು ಇನ್ನೂ ಕಲ್ಲಿನ ಹಾಗಿದೆ.

ಉಳಿ ಕೊಡತಿ, ಕುಮಟಾ

ಹೊಗೆ ಕುಡಿದ ಹಳೇ ದಬ್ಬೆ ಆದರೆ ಒಪ್ಪುತ್ತೇನೆ. ಹೊಸದು ಬೇಡ. ಆದರೂ ಕೆಳಗಿನ ಪಟ್ಟಿ ಮಾತ್ರ ಒಳ್ಳೇ ಮರದ್ದಿರಲಿ. ಹಲಸು ಸಿಕ್ಕರೆ ಚಲೋ.

ಹೊಸಬ, ಹುಬ್ಬಳ್ಳಿ

ದಬ್ಬೆ ಅಂದರೇನು?

ತೋಟದಂಚು, ಶಿರಸಿ

ಅಡಿಕೆ ಮರವನ್ನು ಉದ್ದುದ್ದ ಸೀಳಿದ ಪಟ್ಟಿ. ಬೇಲಿಗೆ, ಅಟ್ಟಕ್ಕೆ, ಕಾಲುಸಂಕಕ್ಕೆ ಎಲ್ಲದಕ್ಕೂ ಅದೇ.

ಕಾಳಿ ದಂಡೆ, ಕಾರವಾರ

ಸಂದಿ ಬಿಡುವ ಮಾತಿಗೆ ಒಂದು ಸೇರಿಸುತ್ತೇನೆ, ಇದು ಮುಖ್ಯ. ಇಬ್ಬರು ಮಲಗಿದ ಗಾಡಿಯಲ್ಲಿ ಬೆಳಗಿನ ಜಾವಕ್ಕೆ ಗಾಜಿನ ಒಳಗಿನಿಂದ ನೀರು ಇಳಿಯುತ್ತದೆ. ಉಸಿರಿನದೇ ನೀರು. ಅದೇ ಪಸೆ ಹಾಸಿಗೆಯ ಅಡಿಯಲ್ಲೂ ಕೂರುತ್ತದೆ. ಸಪಾಟು ಪ್ಲೈ ಮೇಲೆ ಫೋಮ್ ಹಾಸಿದವರು ನಾಲ್ಕನೇ ದಿನ ಎತ್ತಿ ನೋಡಿ, ಬೂಸು. ಹಲಗೆ ಹಾಕಿದರೆ ಅಂಗೈ ಅಗಲದ ತೂತು ಕೊರೆಸಿ. ಹತ್ತಿ ಹಾಸಿಗೆ ಬೇಡ, ಪಸೆ ಕುಡಿದರೆ ಒಣಗುವುದಿಲ್ಲ. ತೆಂಗಿನ ನಾರಿನ ಹಾಸಿಗೆಯನ್ನು ಮೂರು ತುಂಡು ಮಾಡಿಸಿ.

ಎದುರುಬದುರು ಕಿಟಕಿ ಎರಡೆರಡು ಬೆರಳು ತೆರೆದೇ ಮಲಗಿ. ಸೊಳ್ಳೆ ಪರದೆ ಬಟ್ಟೆ ಕೊಯ್ದು ಬಾಗಿಲಿನ ಚೌಕಟ್ಟಿಗೆ ಮ್ಯಾಗ್ನೆಟ್ ಹಾಕಿ ನಿಲ್ಲಿಸಿದರೆ ಆಯಿತು. ಇಂಜಿನ್ ಚಾಲೂ ಇಟ್ಟು ಏಸಿ ಹಾಕಿಕೊಂಡು ಮಲಗುವುದು, ಒಳಗೆ ಗ್ಯಾಸ್ ಒಲೆ ಹಚ್ಚುವುದು ಎರಡೂ ಬೇಡ. ಆ ವಿಷದ ಗಾಳಿಗೆ ವಾಸನೆ ಇಲ್ಲ, ಎಚ್ಚರವೇ ಆಗುವುದಿಲ್ಲ.

ಅರವತ್ತಾರು, ಹೊನ್ನಾವರ

ಎಲ್ಲ ಸರಿ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ದಂಡೆ ಮೇಲೆ ಇಳಿಸಬೇಡಿ. ಹುಣ್ಣಿಮೆ, ಅಮಾವಾಸ್ಯೆಗೆ ಭರತ ಜಾಸ್ತಿ. ಮಲಗುವಾಗ ಐವತ್ತು ಹೆಜ್ಜೆ ದೂರ ಇದ್ದ ನೀರು ಎದ್ದಾಗ ಟೈರಿನಲ್ಲಿರುತ್ತದೆ. ಫೋರ್ ಬೈ ಫೋರ್ ಇದೆ ಅಂತ ಜಂಬ ಮಾಡಿದ ಎಷ್ಟು ಗಾಡಿಗಳನ್ನು ದೋಣಿ ಎಳೆಯುವವರು ಎಳೆದುಕೊಟ್ಟಿದ್ದಾರೋ ಲೆಕ್ಕವಿಲ್ಲ.

ಇನ್ನೊಂದು, ನೀವು ಬರುವ ಹೊತ್ತು ಕಡಲಾಮೆ ಮೊಟ್ಟೆ ಇಡುವ ಕಾಲ. ನಮ್ಮ ಕಾಸರಕೋಡು ಟೊಂಕದಲ್ಲಿ ಪ್ರತಿ ವರ್ಷ ಬರುತ್ತವೆ. ಟೈರು ಹತ್ತಿದರೆ ಗೂಡು ಹೋಯಿತು. ಹೆಡ್‌ಲೈಟಿಗೆ ಮರಿಗಳು ದಾರಿ ತಪ್ಪುತ್ತವೆ.

ಜೋಯಿಡಾ ಜೀಪು

ನಮ್ಮ ಕಡೆಯದ್ದು ನಾನು ಹೇಳುತ್ತೇನೆ. ಅಣಶಿ ರಸ್ತೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಹೋಗುತ್ತದೆ. ಬದಿಗೆ ಹಾಕಿ ಮಲಗುವ ಮಾತೇ ಇಲ್ಲ. ಬೆಳಕಿರುವಾಗಲೇ ದಾಟಿ ಕದ್ರಾ ಸೇರಿ. ಇಲ್ಲವಾದರೆ ಜೋಯಿಡಾದಲ್ಲಿ ಹೋಂ ಸ್ಟೇಯವರನ್ನು ಕೇಳಿ, ಅಂಗಳ ಕೊಡುತ್ತಾರೆ. ಊಟಕ್ಕೆ ದುಡ್ಡು ಕೊಟ್ಟರೆ ಆಯಿತು.

ಡೀಸೆಲ್ ಭಾವ, ಸಿದ್ದಾಪುರ

ಉಂಬಳ ಚಳಿಗಾಲಕ್ಕೆ ಇರುವುದಿಲ್ಲ, ಆದರೆ ಉಣುಗು ಶುರುವಾಗುತ್ತದೆ. ಅದು ಕಚ್ಚಿ ಬರುವ ಮಂಗನ ಕಾಯಿಲೆಯ ಹೊತ್ತೂ ಅದೇ, ಡಿಸೆಂಬರಿನಿಂದ ಮೇ ತನಕ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ರೋಗ, ನಮ್ಮ ತಾಲ್ಲೂಕಿಗೆ ಎಷ್ಟು ಕಾಟ ಕೊಟ್ಟಿದೆ ಅಂತ ನಮಗೇ ಗೊತ್ತು. ಒಣ ಎಲೆ ಮೇಲೆ ಚಾಪೆ ಹಾಸಿ ಕುಳಿತುಕೊಳ್ಳಬೇಡಿ. ನಿಮ್ಮ ಮನೆಯವರ ಸಮುದ್ರದ ಮಾತು ಘಟ್ಟದ ಮೇಲೆ ನಡೆಯುವುದಿಲ್ಲ.

ಅಪ್ಪೆಮಿಡಿ, ಯಲ್ಲಾಪುರ

ಚಳಿಗಾಲ ಅಂದಿದ್ದೀರಿ, ಒಳ್ಳೆಯದಾಯಿತು. ಆದರೂ ಹೇಳುತ್ತೇನೆ. ಗುಡ್ಡ ಕೊರೆದ ಜಾಗದ ಬುಡದಲ್ಲಿ ಯಾವತ್ತೂ ಗಾಡಿ ನಿಲ್ಲಿಸಿ ಮಲಗಬೇಡಿ. 2024ರ ಜುಲೈ 16ರಂದು ಅಂಕೋಲಾ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ನೆನಪಿದೆಯಲ್ಲ. ಚಹಾ ಅಂಗಡಿ, ನಿಂತ ಲಾರಿ, ಜನ. ನಾವು ಆ ಜಾಗದಲ್ಲಿ ಎಷ್ಟು ಸಲ ಗಾಡಿ ನಿಲ್ಲಿಸಿದ್ದೆವೋ.

ಕಾಳಿ ದಂಡೆ, ಕಾರವಾರ

ಹೌದು. ಪೆಟ್ರೋಲ್ ಬಂಕು, ದೇವಸ್ಥಾನದ ಬಯಲು, ಪರಿಚಯದವರ ಅಂಗಳ. ಕೇಳಿಯೇ ನಿಲ್ಲಿಸಿ. ಯಾರೂ ಇಲ್ಲ ಅನ್ನುವುದಿಲ್ಲ.

ಪರವೂರು, ಬೆಂಗಳೂರು

ಉದ್ದದ ಮಾತು ಎಲ್ಲರೂ ಮರೆತಿರಿ. ಅವರು 5 ಅಡಿ 9. ಜಾಗ 5 ಅಡಿ 4.

ಉಳಿ ಕೊಡತಿ, ಕುಮಟಾ

ಮರೆತಿಲ್ಲ. ಮುಂದಿನ ಸೀಟು ಎರಡನ್ನೂ ಪೂರ್ತಿ ಮುಂದಕ್ಕೆ ತಳ್ಳಿ, ಬೆನ್ನನ್ನು ಸ್ಟೀರಿಂಗ್ ಕಡೆ ಬಗ್ಗಿಸಿದರೆ ಎಂಟು ಹತ್ತು ಇಂಚು ಸಿಗುತ್ತದೆ. ಆ ತೆರಪಿಗೆ ಒಂದು ಮಡಚುವ ಹಲಗೆ. ಉದ್ದ ಬಿಜಾಗರಿ ಹಾಕಿ, ಅಡಿಯಲ್ಲಿ ಎರಡು ಕಾಲು. ಓಡಿಸುವಾಗ ಹಿಂದಕ್ಕೆ ಮಡಚಿಡುವುದು. ತಲೆ ಆ ಕಡೆ ಇರಲಿ, ಕಾಲು ಹಿಂಬಾಗಿಲಿಗೆ. ಗಾಡಿ ನಿಲ್ಲಿಸುವಾಗ ಮೂತಿ ಸ್ವಲ್ಪ ಏರಿಗೆ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ. ಹ್ಯಾಂಡ್ ಬ್ರೇಕ್, ಗೇರು, ಚಕ್ರಕ್ಕೊಂದು ಕಲ್ಲು, ಮೂರೂ ಇರಲಿ.

ತೋಟದಂಚು, ಶಿರಸಿ

ಎರಡು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಹಳೇ ಅಟ್ಟದ ದಬ್ಬೆ ಇಪ್ಪತ್ತೆರಡು ತೆಗೆದೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಹಲಸಿನ ಪಟ್ಟಿಗೆ ಬಡಿದು ಮೂರು ತುಂಡು ಮಾಡಿದೆ. ಒಂದೊಂದೂ ಒಬ್ಬನೇ ಎತ್ತುವಷ್ಟು ಭಾರ. ಮೊದಲ ಎರಡು ದಬ್ಬೆ ಸೀಳಿದವು, ಆಚಾರ್ರು ಹೇಳಿದ್ದು ನಿಜ. ಆಮೇಲೆ ತೂತು ಕೊರೆದೇ ಸ್ಕ್ರೂ ಹಾಕಿದೆ, ಭಾವ ಹೇಳಿದ್ದೂ ನಿಜ. ಅಡಿಯಲ್ಲಿ ಮೂರು ಕ್ರೇಟು, ನೀರಿನ ಕ್ಯಾನು, ಕುಕ್ಕರ್. ಬೆಲ್ಟು ಎರಡು. ನಾರಿನ ಹಾಸಿಗೆ ಸೇರಿ ಖರ್ಚು ನಾಲ್ಕು ಸಾವಿರದ ಚಿಲ್ಲರೆ.

ಪರೀಕ್ಷೆಗೆ ಅಂತ ಮೊನ್ನೆ ಕುಮಟಾದಲ್ಲಿ ಮಾವನ ಮನೆ ಅಂಗಳದಲ್ಲೇ ಮಲಗಿದೆವು. ಮನೆಯೊಳಗೆ ಮಂಚ ಇಟ್ಟುಕೊಂಡು ಅಂಗಳದಲ್ಲಿ ಯಾಕೆ ಅಂತ ಅತ್ತೆ ಮೂರು ಸಲ ಬಂದು ಕೇಳಿದರು. ಅಗಲ ಸಾಕು, ಉದ್ದ ಸಾಕು. ಆದರೆ ನಾನು ಮಗ್ಗುಲು ಬದಲಿಸಿದಾಗೆಲ್ಲ ದಬ್ಬೆ ಕಿರ್ರ್ ಅನ್ನುತ್ತದೆ. ಪಕ್ಕದ ಮನೆ ನಾಯಿ ಅಷ್ಟಕ್ಕೂ ಬೊಗಳಿತು.

ಉಳಿ ಕೊಡತಿ, ಕುಮಟಾ

ಪಟ್ಟಿಗೂ ದಬ್ಬೆಗೂ ನಡುವೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕೊಡಿ. ಸದ್ದು ನಿಲ್ಲುತ್ತದೆ. ಕುಮಟಾಕ್ಕೆ ಬಂದವರು ಅಂಗಡಿಗೆ ಬರಬಾರದಿತ್ತಾ?

ಹೊಸಬ, ಹುಬ್ಬಳ್ಳಿ

ಸರ್, ಫೋಟೊ ಹಾಕಿ. ಮೂರು ತುಂಡಿನ ಅಳತೆಯೂ ಬೇಕು.

ತೋಟದಂಚು, ಶಿರಸಿ

ನಾಳೆ ಹಾಕುತ್ತೇನೆ. ಈಗ ಗಾಡಿ ತುಂಬ ಅಡಿಕೆ ಚೀಲ, ಅಟ್ಟ ಕೊಟ್ಟಿಗೆಯಲ್ಲಿದೆ. ಅದರ ಮೇಲೆ ಬೆಕ್ಕು ಮರಿ ಹಾಕಿದೆ, ಎಬ್ಬಿಸಲು ಬಿಡುತ್ತಿಲ್ಲ.